ಸ್ಕ್ಯಾನಿಂಗ್ ಬರೆದುಕೊಡುವ ಮುನ್ನ

ಕಾಲು ಉಳುಕಿ ಹರಡು ಊದಿಕೊಂಡಿತೆಂದು ಆಸ್ಪತ್ರೆಗೆ ಹೋದವರಿಗೆ ಮೊದಲು ಸಿಗುವುದು ಎಕ್ಸ್‌ರೇ ಚೀಟಿ. ಕೆನಡಾದ ಒಟ್ಟಾವಾದಲ್ಲೂ 1990ರ ಸುಮಾರಿಗೆ ಹೀಗೇ ನಡೆಯುತ್ತಿತ್ತು. ಹಾಗೆ ಬಂದವರಲ್ಲಿ ನಿಜಕ್ಕೂ ಮೂಳೆ ಮುರಿದಿರುತ್ತಿದ್ದದ್ದು ನೂರಕ್ಕೆ 15ಕ್ಕಿಂತ ಕಡಿಮೆ ಮಂದಿಗೆ. ಉಳಿದವರ ಪಾಲಿಗೆ ಗಂಟೆಗಟ್ಟಲೆ ಕಾಯುವುದು, ಖರ್ಚು, ಜೊತೆಗೊಂದಿಷ್ಟು ವಿಕಿರಣ.

ಅಲ್ಲಿನ ತುರ್ತು ಚಿಕಿತ್ಸಾ ವೈದ್ಯ ಇಯಾನ್ ಸ್ಟೀಲ್ ಮತ್ತು ಸಂಗಡಿಗರು ಇಂಥ ನೂರಾರು ರೋಗಿಗಳನ್ನು ಪರೀಕ್ಷಿಸಿ 1992ರಲ್ಲಿ ಒಂದು ಸರಳ ನಿಯಮ ರೂಪಿಸಿದರು. ಹರಡಿನ ಎರಡೂ ಬದಿಗೆ ಗುಬುಟಿನಂತೆ ಎದ್ದು ಕಾಣುವ ಮೂಳೆಯ ತುದಿಯನ್ನೂ ಅಲ್ಲಿಂದ ಮೇಲಕ್ಕೆ ಆರು ಸೆಂಟಿಮೀಟರಿನಷ್ಟು ಹಿಂಬದಿಯ ಅಂಚನ್ನೂ ವೈದ್ಯರು ಬೆರಳಿನಿಂದ ಒತ್ತಿ ನೋಡಬೇಕು. ಆಮೇಲೆ ರೋಗಿಗೆ ನಾಲ್ಕು ಹೆಜ್ಜೆ ನಡೆಯಲು ಹೇಳಬೇಕು. ಒತ್ತಿದಾಗ ಮೂಳೆ ನೋಯದಿದ್ದರೆ, ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾದರೆ, ಹರಡಿಗೆ ಎಕ್ಸ್‌ರೇ ಬೇಕಿಲ್ಲ. ಮುಂದೆ ಹಲವು ದೇಶಗಳಲ್ಲಿ ಈ ನಿಯಮವನ್ನು ಒರೆಗೆ ಹಚ್ಚಿದರು. ಮುರಿತ ಕಣ್ತಪ್ಪಿದ್ದು ತೀರಾ ವಿರಳ; ಎಕ್ಸ್‌ರೇಗಳನ್ನು ಮಾತ್ರ ಮೂರರಲ್ಲೊಂದರಷ್ಟು ತಗ್ಗಿಸಬಹುದೆಂದು ಗೊತ್ತಾಯಿತು.

ಖರ್ಚು ಉಳಿಸಿದ್ದು ಇಲ್ಲಿ ಬೆರಳು. ವೈದ್ಯ ವಿದ್ಯಾರ್ಥಿಗಳಿಗೆ ರೋಗಿಯನ್ನು ಮುಟ್ಟಿ ನೋಡುವುದನ್ನು ಒಂದು ಪಾಠವಾಗಿ, ಬೇಡದ ಖರ್ಚು ತಪ್ಪಿಸುವುದನ್ನು ಇನ್ನೊಂದು ಪಾಠವಾಗಿ ಹೇಳಿಕೊಡುವ ರೂಢಿಯಿದೆ. ಎರಡನ್ನೂ ಕೂಡಿಸಿ ಕಲಿಸಿದರೇ ಫಲ ಹೆಚ್ಚು.

ಮುಟ್ಟಿ ನೋಡಲು ಈಗಿನ ತರುಣ ವೈದ್ಯರಿಗೆ ಸಮಯವಾದರೂ ಎಲ್ಲಿದೆ? ಅಮೆರಿಕದ ಬಾಲ್ಟಿಮೋರಿನ ಎರಡು ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಇಂಟರ್ನ್‌ಗಳ ದಿನಚರಿಯನ್ನು ನಿಮಿಷ ನಿಮಿಷವೂ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ರೋಗಿಯ ಬಳಿ ಕಳೆದ ಸಮಯ ಶೇ. 12, ಕಂಪ್ಯೂಟರಿನ ಮುಂದೆ ಶೇ. 40. ಬಾಲ್ಟಿಮೋರಿನಲ್ಲೇ ಇರುವ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ತರಗತಿಯಿಂದೆಬ್ಬಿಸಿ ವಾರ್ಡಿಗೆ ಕರೆದೊಯ್ದು, ಹಾಸಿಗೆಯ ಪಕ್ಕದಲ್ಲೇ ಪಾಠ ಮಾಡುತ್ತಿದ್ದರು ಎಂಬುದನ್ನು ನೆನೆದರೆ ಈ ಅಂಕಿ ಇನ್ನಷ್ಟು ಕಸಿವಿಸಿಯಾಗಿಸುತ್ತದೆ.

ಹಾಸಿಗೆಯಲ್ಲಿರುವ ರೋಗಿಯ ಬದಲು ವೈದ್ಯರು ಹೀಗೆ ಕಂಪ್ಯೂಟರಿನ ಪರದೆಯ ಮೇಲೆ ನೋಡುವ ರೋಗಿಗೆ ‘ಐ-ಪೇಷೆಂಟ್’ ಎಂದು ಹೆಸರಿಟ್ಟವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಬ್ರಹಾಂ ವರ್ಗೀಸ್. ಕೇರಳ ಮೂಲದ ತಂದೆತಾಯಿಗೆ ಇಥಿಯೋಪಿಯಾದಲ್ಲಿ ಹುಟ್ಟಿದ ಅವರು ವೈದ್ಯಪದವಿ ಮುಗಿಸಿದ್ದು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ಅಲ್ಲಿನ ವಾರ್ಡುಗಳಲ್ಲಿ ಕಣ್ಣು, ಕೈ, ಕಿವಿಗಳಿಂದಲೇ ರೋಗ ಹಿಡಿಯುತ್ತಿದ್ದ ಗುರುಗಳನ್ನು ಅವರು ಇಂದಿಗೂ ಸ್ಮರಿಸುತ್ತಾರೆ. ಸ್ಟ್ಯಾನ್‌ಫರ್ಡಿನಲ್ಲಿ ಅವರು ಮತ್ತು ಸಹೋದ್ಯೋಗಿಗಳು ಶುರುಮಾಡಿದ ‘ಸ್ಟ್ಯಾನ್‌ಫರ್ಡ್ 25’ ಎಂಬ ಪಾಠಕ್ರಮದಲ್ಲಿ ಗುಲ್ಮ ತಡವಿ ನೋಡುವುದು, ನಡಿಗೆ ಗಮನಿಸುವುದು, ಮೊಣಕಾಲಿಗೆ ಸುತ್ತಿಗೆ ತಟ್ಟುವುದು ಮುಂತಾದ ಕೌಶಲಗಳನ್ನು ಗುರುವೇ ಮಾಡಿ ತೋರಿಸುತ್ತಾರೆ, ಶಿಷ್ಯರಿಂದಲೂ ಮಾಡಿಸುತ್ತಾರೆ. ವೀಣೆ ಕಲಿಯುವವರ ಬೆರಳನ್ನು ಗುರು ಹಿಡಿದು ಸರಿಪಡಿಸುವಂತೆ ಇಲ್ಲೂ ಒತ್ತಡ, ಕೋನ, ಜಾಗ ಎಲ್ಲವನ್ನೂ ತಿದ್ದಬೇಕಾಗುತ್ತದೆ. ವಿಡಿಯೊ ನೋಡಿದ ಮಾತ್ರಕ್ಕೆ ಬರುವ ವಿದ್ಯೆ ಇದಲ್ಲ.

ಕೈಪರೀಕ್ಷೆ ಹಳೇ ಕಾಲದ್ದು, ಯಂತ್ರ ಬಂದ ಮೇಲೆ ಅದೇಕೆ ಎನ್ನುವವರಿಗೆ ತಲೆಸುತ್ತಿನ ಉದಾಹರಣೆ ಕೊಡಬಹುದು. ಬಿಡದೆ ಗಂಟೆಗಟ್ಟಲೆ ತಲೆ ಗಿರ್ರೆನ್ನುತ್ತಿದೆ, ವಾಂತಿ, ಕಣ್ಣುಗುಡ್ಡೆ ಅದರಷ್ಟಕ್ಕೇ ಅದುರುತ್ತಿದೆ. ಕಾರಣ ಒಳಕಿವಿಯ ನರದ ಉರಿಯೂತವಿರಬಹುದು, ಇಲ್ಲವೇ ಮಿದುಳಿನ ಹಿಂಭಾಗದ ಪಾರ್ಶ್ವವಾಯು. ವೈದ್ಯರು ರೋಗಿಯ ಎದುರು ಕೂತು, ‘ನನ್ನ ಮೂಗನ್ನೇ ನೋಡ್ತಾ ಇರಿ’ ಎಂದು ಹೇಳಿ, ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಥಟ್ಟನೆ ತುಸುವೇ ಪಕ್ಕಕ್ಕೆ ಹೊರಳಿಸುತ್ತಾರೆ. ಒಳಕಿವಿಯ ನರ ಕೆಟ್ಟಿದ್ದರೆ ಕಣ್ಣು ತಲೆಯ ಜೊತೆಗೇ ಜಾರಿ, ಮರುಕ್ಷಣ ಜಿಗಿದು ಮೂಗಿಗೆ ಮರಳುತ್ತದೆ. ಕಣ್ಣು ಕದಲದೆ ಮೂಗಿನ ಮೇಲೇ ನೆಟ್ಟಿದ್ದರೆ ನರ ಸರಿಯಿದೆ, ಹಾಗಾಗಿ ಮಿದುಳಿನ ಮೇಲೆ ಅನುಮಾನ ಹೋಗಬೇಕು. ಎಲ್ಲ ಸರಿಯಿದ್ದಂತೆ ಕಂಡದ್ದೇ ಅಪಾಯದ ಸೂಚನೆ.

ಇದಕ್ಕೆ ಕಣ್ಣಿನ ಇನ್ನೆರಡು ಪರೀಕ್ಷೆಗಳನ್ನು ಸೇರಿಸಿ 101 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಾರ್ಶ್ವವಾಯುವಿನ ಒಂದು ಪ್ರಕರಣವೂ ಕೈತಪ್ಪಲಿಲ್ಲ. ಮೊದಲ 48 ಗಂಟೆಯೊಳಗೆ ತೆಗೆದ ಎಂಆರ್‌ಐ ಶೇ. 12ರಷ್ಟು ಪಾರ್ಶ್ವವಾಯುಗಳನ್ನು ತೋರಿಸಿರಲಿಲ್ಲ! ಆದರೆ ಆ ಪರೀಕ್ಷೆ ಮಾಡಿದವರು ನುರಿತ ನರರೋಗ ತಜ್ಞರು. ಅಭ್ಯಾಸವಿಲ್ಲದ ಕೈಯಲ್ಲಿ ಇದೇ ಪರೀಕ್ಷೆ ದಾರಿ ತಪ್ಪಿಸುತ್ತದೆ. ಕಲಿಸುವುದಕ್ಕೆ ಇಷ್ಟು ಒತ್ತು ಕೊಡಬೇಕಾದದ್ದು ಇದಕ್ಕೇ.

ಹಾಗೆಂದು ಹಳೆಯ ಪರೀಕ್ಷೆಗಳೆಲ್ಲವೂ ನಂಬಿಕೆಗೆ ಅರ್ಹವೆಂದೇನಲ್ಲ. ಪಾದವನ್ನು ಮೇಲಕ್ಕೆ ಬಗ್ಗಿಸಿದಾಗ ಮೀನಖಂಡ ನೋಯುತ್ತಿದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ ಎಂದು ತಲೆಮಾರುಗಳಿಂದ ಕಲಿಸುತ್ತ ಬಂದಿದ್ದಾರೆ. ಹೋಮನ್ಸ್ ಹೆಸರಿನ ಈ ಚಿಹ್ನೆಯನ್ನು ನೆಚ್ಚಿಕೊಳ್ಳುವಂತಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಯಾವ ಚಿಹ್ನೆಗೆ ಎಷ್ಟು ತೂಕ ಎಂಬುದೂ ಪಾಠದ ಭಾಗವೇ.

ಬೆಲೆಯ ವಿಷಯಕ್ಕೆ ಬಂದರೆ, ಪರೀಕ್ಷೆಗಳ ದರವನ್ನು ವೈದ್ಯರ ಕಣ್ಣಿಗೆ ಬೀಳುವಂತೆ ಹಾಕಿದರೆ ಸಾಕೆಂಬ ಎಣಿಕೆ ಇತ್ತು. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಹಾಗೆ ಮಾಡಿದಾಗ ದರ ಕಾಣಿಸಿದ ಪರೀಕ್ಷೆಗಳು ಶೇ. 9ರ ಆಸುಪಾಸು ಇಳಿದವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂರು ಆಸ್ಪತ್ರೆಗಳಲ್ಲಿ ಇನ್ನೂ ದೊಡ್ಡದಾಗಿ ಇದನ್ನೇ ಪ್ರಯೋಗಿಸಿದಾಗ ಒಟ್ಟಾರೆ ಏನೂ ಬದಲಾಗಲಿಲ್ಲವೆಂದು 2017ರಲ್ಲಿ ವರದಿಯಾಯಿತು. ಆಶ್ಚರ್ಯಪಡಬೇಕಿಲ್ಲ. ರೋಗ ಏನೆಂದು ಖಾತ್ರಿಯಿಲ್ಲದ ಕಿರಿಯ ವೈದ್ಯ ಭಯಕ್ಕೆ ಬಿದ್ದು ಪರೀಕ್ಷೆ ಬರೆಯುತ್ತಾನೆ; ಆ ಭಯವನ್ನು ದರಪಟ್ಟಿ ಕಳೆಯಲಾರದು. ಹರಡನ್ನು ಒತ್ತಿ ನೋಡಲು ಬರುವವರಿಗೆ ಮಾತ್ರ ‘ಎಕ್ಸ್‌ರೇ ಬೇಡ’ ಎನ್ನುವ ಧೈರ್ಯ ಬರುತ್ತದೆ.

ಒಂದು ವಿಷಯದಲ್ಲಿ ನಮ್ಮ ಕಾಲೇಜುಗಳ ಸ್ಥಿತಿ ವಾಸಿ. ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ತಜ್ಞರಾಗುವವರಿಗೆ ರೋಗಿಯ ಪಕ್ಕದಲ್ಲೇ ನಡೆಸುತ್ತಿದ್ದ ಪರೀಕ್ಷೆಯನ್ನು 1972ರಲ್ಲೇ ಕೈಬಿಟ್ಟರು. ಕರ್ನಾಟಕದ ಎಂಬಿಬಿಎಸ್ ವಿದ್ಯಾರ್ಥಿ ಇಂದಿಗೂ ಅಂತಿಮ ವರ್ಷದಲ್ಲಿ ‘ಲಾಂಗ್ ಕೇಸ್’ ಎದುರಿಸಬೇಕು: ರೋಗಿಯ ಕಥೆ ಕೇಳಿ, ಅಡಿಮುಡಿ ಪರೀಕ್ಷಿಸಿ, ಪರೀಕ್ಷಕರ ಮುಂದೆ ಮಂಡಿಸಬೇಕು. ತೊಡಕು ಆಮೇಲಿನದು. ಪಿಜಿ ಸೀಟು ನಿರ್ಧಾರವಾಗುವುದು ಬಹು ಆಯ್ಕೆಯ ಪ್ರಶ್ನೆಗಳ ನೀಟ್-ಪಿಜಿಯಿಂದ. ವಾರ್ಡಿನಲ್ಲಿ ಕೈ ಪಳಗಬೇಕಾದ ಹೌಸ್ ಸರ್ಜನ್‌ಶಿಪ್ಪಿನ ವರ್ಷವನ್ನು ಆ ಓದು ನುಂಗುತ್ತದೆ.

ಇದರ ಬೆಲೆ ತೆರುವವರು ರೋಗಿಗಳು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021–22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ. 39.4ರಷ್ಟನ್ನು ಜನ ನೇರವಾಗಿ ತಮ್ಮ ಜೇಬಿನಿಂದ ಭರಿಸಿದ್ದಾರೆ. ಬೇಡದ ಸ್ಕ್ಯಾನಿಂಗ್ ಒಂದನ್ನು ‘ಹೊರಗೆ ಮಾಡಿಸ್ಕೊಂಡು ಬನ್ನಿ’ ಎಂದು ಬರೆದರೆ ಕೂಲಿಯವರ ಹಲವು ದಿನದ ದುಡಿಮೆ ಅಲ್ಲಿಗೆ ಹೋಯಿತು. 2019ರಿಂದ ಜಾರಿಯಲ್ಲಿರುವ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಪ್ರತಿ ವಿದ್ಯಾರ್ಥಿಗೂ ಲಾಗ್‌ಬುಕ್ ಇದೆ. ಕಲಿತ ಕೌಶಲಕ್ಕೆ ಅಧ್ಯಾಪಕರು ಸಹಿ ಹಾಕುತ್ತಾರೆ. ರೌಂಡ್ಸಿನಲ್ಲಿ ಆ ಸಹಿಗೆ ಮೊದಲು ಇನ್ನೂ ಮೂರು ಪ್ರಶ್ನೆ ಕೇಳಬಹುದು: ಮುಟ್ಟಿ ನೋಡಿದಾಗ ಏನು ಸಿಕ್ಕಿತು, ಬರೆಯಹೊರಟ ಪರೀಕ್ಷೆಗೆ ಈ ರೋಗಿ ಎಷ್ಟು ಕೊಡಬೇಕು, ಬರುವ ವರದಿಯಿಂದ ಚಿಕಿತ್ಸೆ ಬದಲಾಗುತ್ತದೆಯೇ. ಇದಕ್ಕೆ ಹೊಸ ಆದೇಶವಾಗಲಿ ಅನುದಾನವಾಗಲಿ ಬೇಕಿಲ್ಲ. ಯೂನಿಟ್ ಮುಖ್ಯಸ್ಥರು ಮನಸ್ಸು ಮಾಡಿದರೆ ನಾಳೆ ಬೆಳಗಿನ ರೌಂಡ್ಸಿನಿಂದಲೇ ಶುರುಮಾಡಬಹುದು.