ಆವಿಯ ನಳಿಗೆಯ ಆರೈಕೆ

ಒಮ್ಮೆ ಬಳಸಿ ಬಿಸುಡುವ ವೇಪ್‌ಗಳ, ಅಂದರೆ ಇ-ಸಿಗರೇಟುಗಳ, ಮಾರಾಟವು ಬ್ರಿಟನ್ನಿನಲ್ಲಿ 2025ನೆಯ ಇಸವಿಯ ಜೂನ್ 1ರಿಂದ ನಿಷಿದ್ಧವಾಯಿತು. ವಿದ್ಯುದುಪಕರಣಗಳ ಮರುಬಳಕೆಗಾಗಿ ದುಡಿಯುತ್ತಿರುವ ಮೆಟೀರಿಯಲ್ ಫೋಕಸ್ ಎಂಬ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿದ್ದ ಪ್ರಕಾರ ಆ ದೇಶದಲ್ಲಿ ವಾರವೊಂದಕ್ಕೆ ಸುಮಾರು 50 ಲಕ್ಷ ವೇಪ್‌ಗಳು ಕಸವಾಗುತ್ತಿದ್ದುವು. ನೂರಾರು ಸಲ ಮರಳಿ ವಿದ್ಯುತ್ತನ್ನು ತುಂಬಿಕೊಳ್ಳಬಲ್ಲ ಲಿಥಿಯಂ ಬ್ಯಾಟರಿಯೂ ಕೆಲವೇ ದಿನಗಳ ಸೇವನೆಯ ತರುವಾಯ ತಿಪ್ಪೆಯನ್ನು ಸೇರುತ್ತಿತ್ತು. ಈಗ ಅಲ್ಲಿಯ ಅಂಗಡಿಗಳಲ್ಲಿ ದೊರೆಯತಕ್ಕ ಸಾಧನವು ಚಾರ್ಜ್ ಮಾಡಲೂ ದ್ರವವನ್ನು ಪುನಃ ತುಂಬಲೂ ಒಳಗಿದ್ದು ಆವಿಯೆಬ್ಬಿಸುವ ಕಾಯಿಲನ್ನಾಗಲಿ ಅದನ್ನೊಳಗೊಂಡ ಪಾಡ್ ಎಂಬ ಕೋಶವನ್ನಾಗಲಿ ಬದಲಾಯಿಸಲೂ ಬರುವಂಥದಾಗಿರಬೇಕೆಂದು ಕಾನೂನು ವಿಧಿಸಿದೆ. ಇದರ ಫಲವಾಗಿ, ಬಿಸುಡುವುದೊಂದನ್ನೇ ಬಲ್ಲವರಾಗಿದ್ದ ಅಸಂಖ್ಯಾತ ಜನರಿಗೆ, ತಾವು ತುಟಿಗಿಡುವ ವಸ್ತುವನ್ನು ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಜೋಡಿಸುವ ಹೊಣೆ ಬಂದೊದಗಿತು. ಇದು ಒಳ್ಳೆಯ ಹೊಣೆಯೆಂದೇ ನನ್ನ ಭಾವನೆ; ಏಕೆಂದರೆ ಉಸಿರಿನೊಡನೆ ತಾನು ಒಳಕ್ಕೆಳೆದುಕೊಳ್ಳುವ ಪದಾರ್ಥ ಎಂಥದೆಂಬುದು, ಸಾಧನವನ್ನು ಬಿಚ್ಚಿ ನೋಡಿದವನಿಗಲ್ಲದೆ ಬೇರೆಯವರಿಗೆ ತಿಳಿಯುವಂತಿಲ್ಲ.

ಚೀನ ದೇಶದ ಷೆನ್‌ಯಾಂಗ್ ನಗರದಲ್ಲಿ ಔಷಧಶಾಸ್ತ್ರಜ್ಞನಾಗಿದ್ದ ಹೊನ್ ಲಿಕ್ ಎಂಬಾತ, ಸ್ವತಃ ಸಿಗರೇಟಿನ ಚಟಕ್ಕೆ ಸಿಕ್ಕಿದ್ದವನು, 2003ರ ಸುಮಾರಿಗೆ ರೂಪಿಸಿದ ಸಾಧನದಿಂದ ಈಗಿನ ಇ-ಸಿಗರೇಟಿನ ಚರಿತ್ರೆ ಮೊದಲಾಗುತ್ತದೆಯೆಂದು ಹೇಳಬಹುದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್, ತಂಬಾಕಿನ ಹಾನಿಯನ್ನು 1962ರಲ್ಲಿಯೇ ಲೋಕಕ್ಕೆ ಸಾರಿದ್ದ ಆ ವೈದ್ಯಸಂಸ್ಥೆ, 2016ರಲ್ಲಿ ಧೂಮಪಾನಿಗಳು ಸಿಗರೇಟನ್ನು ಬಿಡುವುದಕ್ಕೆ ಇದು ನೆರವಾಗಬಹುದೆಂದು ಅಭಿಪ್ರಾಯಪಟ್ಟಿತು. ನಮ್ಮ ದೇಶ ಹಿಡಿದ ದಾರಿ ಬೇರೆ: ಕರ್ನಾಟಕ ಸರ್ಕಾರ 2016ರಲ್ಲಿಯೂ ಕೇಂದ್ರ ಸರ್ಕಾರ 2019ರಲ್ಲಿಯೂ ಇದನ್ನು ನಿಷೇಧಿಸಿದುವು. ಆದಕಾರಣ ಈ ಲೇಖನದ ಮಾತುಗಳು, ಇಂಗ್ಲೆಂಡಿನಂಥ ದೇಶದಲ್ಲಿ ನೆಲೆಸಿ, ಸಿಗರೇಟನ್ನು ಬಿಡಬೇಕೆಂಬ ಸಂಕಲ್ಪದಿಂದ ಇದನ್ನು ಹಿಡಿದಿರುವ ವಯಸ್ಕರನ್ನು ಕುರಿತವು. ಸಿಗರೇಟನ್ನೇ ಮುಟ್ಟದವನು, ಅದರಲ್ಲಿಯೂ ಎಳೆಯ ಪ್ರಾಯದವನು, ಇದರ ಹತ್ತಿರ ಸುಳಿಯತಕ್ಕದ್ದಲ್ಲ.

ಹೊರನೋಟಕ್ಕೆ ನೂತನವಾಗಿ ತೋರುವ ಈ ಯಂತ್ರದ ಅಂತರಂಗ ನಮ್ಮ ಹಳೆಯ ಸೀಮೆಎಣ್ಣೆಯ ದೀಪಕ್ಕೆ ದೂರವಾದುದಲ್ಲ: ಅಲ್ಲಿಯಂತೆ ಇಲ್ಲಿಯೂ ಒಂದು ಬುಡ್ಡಿ, ಬುಡ್ಡಿಯಲ್ಲಿ ದ್ರವ, ದ್ರವವನ್ನು ಮೇಲಕ್ಕೆ ಹೀರುವ ಹತ್ತಿಯ ಬತ್ತಿ, ಉರಿಯ ಸ್ಥಾನದಲ್ಲಿ ಮಾತ್ರ, ಬ್ಯಾಟರಿಯ ವಿದ್ಯುತ್ತಿನಿಂದ ಕಾಯುವ ತಂತಿಯ ಸುರುಳಿ. ಈ ಸುರುಳಿಯನ್ನೂ ಬತ್ತಿಯನ್ನೂ ಒಟ್ಟಾಗಿ ಕಾಯಿಲ್ ಎಂದು ಕರೆಯುತ್ತಾರೆ. ದ್ರವದ ಬಹುಭಾಗ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಅದರಲ್ಲಿ ನಿಕೋಟಿನ್ನೂ ಪರಿಮಳದ್ರವ್ಯಗಳೂ ಕೂಡಿರುತ್ತವೆ. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿದರೆ ಗ್ಲಿಸರಿನ್ ಕುದಿಯುವುದಕ್ಕೆ 290 ಡಿಗ್ರಿ ಬೇಕು. ಬತ್ತಿ ತೋಯ್ದಿರುವ ತನಕ, ಸುರುಳಿಯ ಶಾಖವೆಲ್ಲ ದ್ರವವನ್ನು ಆವಿಯಾಗಿಸುವುದರಲ್ಲಿಯೇ ವ್ಯಯವಾಗಿ, ತಂತಿಯ ಉಷ್ಣತೆ ಒಂದು ಮಿತಿಯಲ್ಲಿ ನಿಲ್ಲುತ್ತದೆ. ಬತ್ತಿ ಒಣಗಿತೋ, ಶಾಖಕ್ಕೆ ಬೇರೆ ಕೆಲಸವಿಲ್ಲದೆ ತಂತಿ ಮಿತಿಮೀರಿ ಕಾಯುತ್ತದೆ, ಹತ್ತಿ ಕರಕಾಗುತ್ತದೆ, ಗ್ಲಿಸರಿನ್ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಮುಂತಾದ ವಿಷವಸ್ತುಗಳು ಹುಟ್ಟುತ್ತವೆ. ಗಂಟಲನ್ನು ಕೆರೆಯುವ ಆ ಸುಟ್ಟ ರುಚಿಯನ್ನು ಕಂಡೂ ಇನ್ನೆರಡು ದಮ್ಮು ಎಳೆದು ನೋಡೋಣವೆನ್ನುವುದು ಸರ್ವಥಾ ಸಲ್ಲದು.

ಬತ್ತಿ ಒಣಗುವುದಕ್ಕೆ ದ್ರವ ಮುಗಿಯುವುದೊಂದೇ ಕಾರಣವಲ್ಲ. ಸಿಹಿ ರುಚಿಗಾಗಿ ಬೆರೆಸುವ ಸುಕ್ರಲೋಸ್ ಮುಂತಾದ ವಸ್ತುಗಳು ಆವಿಯಾಗಿ ಹೋಗದೆ ತಂತಿಯ ಮೇಲೆ ಕಪ್ಪಾದ ಅಂಟಾಗಿ ಕೂರುತ್ತವೆ. ಈ ಕಿಟ್ಟ ದಿನದಿನಕ್ಕೆ ದಪ್ಪನಾಗಿ, ಹತ್ತಿಯ ಸೂಕ್ಷ್ಮವಾದ ಎಳೆಗಳನ್ನು ಮುಚ್ಚಿ, ಬುಡ್ಡಿ ತುಂಬಿದ್ದರೂ ಸುರುಳಿಯ ಬಳಿ ದ್ರವ ಬಾರದಂತೆ ತಡೆಯುತ್ತದೆ. ಸಿಹಿಯಾದ ದ್ರವ ಕಾಯಿಲಿನ ಆಯುಸ್ಸನ್ನು ಕುಗ್ಗಿಸುವುದು ಹೀಗೆ. ಕಪ್ಪಾದ ಕಾಯಿಲನ್ನು ನೀರಿನಲ್ಲಿ ಅದ್ದಿ, ಕುದಿಸಿ, ಉಳಿಸಿಕೊಳ್ಳಲು ಯತ್ನಿಸುವವರಿದ್ದಾರೆ. ಮಿತವ್ಯಯ ಒಳ್ಳೆಯ ಗುಣವಾದರೂ ಅದನ್ನು ತೋರಿಸುವ ಸ್ಥಳ ಇದಲ್ಲ. ಸುಟ್ಟ ಹತ್ತಿ ತೊಳೆದರೆ ಹೊಸದಾಗದು. ರುಚಿ ಕೆಟ್ಟೊಡನೆ ಅದನ್ನು ತೆಗೆದುಹಾಕಿ ಹೊಸದನ್ನು ಹಾಕಬೇಕು. ಹಾಕುವಾಗ ಹತ್ತಿ ಕಾಣುವ ರಂಧ್ರಗಳಲ್ಲಿ ದ್ರವವನ್ನು ಕೆಲವು ಹನಿ ಬಿಟ್ಟು, ಟ್ಯಾಂಕೆಂದು ಕರೆಯುವ ಆ ಬುಡ್ಡಿಯನ್ನು ತುಂಬಿ, ಬತ್ತಿ ಪೂರ್ತಿ ನೆನೆಯುವವರೆಗೆ ಹತ್ತು ನಿಮಿಷವಾದರೂ ಕಾಯಬೇಕು. ಈ ಹತ್ತು ನಿಮಿಷದ ತಾಳ್ಮೆಯಿಲ್ಲದೆ ಎಷ್ಟೋ ಹೊಸ ಕಾಯಿಲುಗಳು ಮೊದಲನೆಯ ದಮ್ಮಿಗೇ ಸುಟ್ಟುಹೋಗುತ್ತವೆ.

ಟ್ಯಾಂಕನ್ನು ತೊಳೆಯುವ ಕೆಲಸ ಸುಲಭ. ಸಾಧನವನ್ನು ಆರಿಸಿ, ಟ್ಯಾಂಕನ್ನು ಬ್ಯಾಟರಿಯ ಭಾಗದಿಂದ ಬೇರ್ಪಡಿಸಿ, ಉಳಿದ ದ್ರವವನ್ನು ಕಾಗದದ ಮೇಲೆ ಸುರಿದು, ಕಾಯಿಲನ್ನು ಹೊರತೆಗೆದು, ಮಿಕ್ಕ ಬಿಡಿಭಾಗಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರಾಯಿತು. ಹಳೆಯ ಪರಿಮಳ ಬಿಡದಿದ್ದರೆ ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಸಾಕು, ಆದರೆ ಅದರ ಅಂಶ ಉಳಿಯದಂತೆ ಮತ್ತೆ ಮತ್ತೆ ಜಾಲಿಸಬೇಕು. ದ್ರವ ಸೋರದಂತೆ ತಡೆಯುವ ರಬ್ಬರಿನ ಉಂಗುರಗಳು ಬಚ್ಚಲಿನಲ್ಲಿ ಕೊಚ್ಚಿಹೋಗದಂತೆ ಎಚ್ಚರವಿರಲಿ. ತುಟಿ ತಾಗುವ ತುದಿಯನ್ನು ಮಾತ್ರ ದಿನವೂ ಒರೆಸಬೇಕು. ಜೇಬಿನ ಧೂಳು ಎಂಜಲಿನೊಡನೆ ಬೆರೆತು ಕೂರುವ ಸ್ಥಳ ಅದು. ತೊಳೆದುದೆಲ್ಲವನ್ನೂ ಒಂದು ರಾತ್ರಿ ಗಾಳಿಗೆ ಆರಲು ಬಿಟ್ಟು, ತೇವದ ಲವಲೇಶವೂ ಇಲ್ಲವೆಂದು ಖಚಿತವಾದ ಮೇಲೆಯೇ ಜೋಡಿಸತಕ್ಕದ್ದು.

ಈ ಕೆಲಸದಲ್ಲಿ ಕೈಗೆ ಮೆತ್ತುವ ದ್ರವವನ್ನು ಅಲಕ್ಷಿಸಬಾರದು. ಬ್ರಿಟನ್ನಿನ ಕಾನೂನು ಒಂದು ಮಿಲಿಲೀಟರ್ ದ್ರವದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ನಿಕೋಟಿನ್ ಇರಕೂಡದೆಂದೂ ಸೀಸೆ 10 ಮಿಲಿಲೀಟರಿಗೆ ಮೀರಬಾರದೆಂದೂ ಗೊತ್ತುಪಡಿಸಿದೆ. ಆದರೂ ಅಂಥ ಒಂದು ಸೀಸೆಯಲ್ಲಿ 200 ಮಿಲಿಗ್ರಾಮ್ ನಿಕೋಟಿನ್ ಇರಬಹುದಾಯಿತು. ಅದು ಚರ್ಮದ ಮೂಲಕವೂ ದೇಹವನ್ನು ಹೊಗುತ್ತದೆ. ಹಣ್ಣಿನ ಪರಿಮಳಕ್ಕೆ ಮರುಳಾಗಿ ಕೂಸೊಂದು ಅದನ್ನು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಕೆಲಸ ಮುಗಿದೊಡನೆ ಕೈಯನ್ನು ಸಾಬೂನು ಹಚ್ಚಿ ತೊಳೆಯುವುದು, ಸೀಸೆಯನ್ನು ಬೀಗವಿರುವ ಕಪಾಟಿನಲ್ಲಿ ಇಡುವುದು, ಒರೆಸಿದ ಕಾಗದವನ್ನು ಮಕ್ಕಳ ಕೈಗೆ ಎಟುಕದಂತೆ ಬಿಸುಡುವುದು, ಇವೂ ಶುದ್ಧಿಕಾರ್ಯದ ಅಂಗಗಳೇ.

ಬ್ಯಾಟರಿಯ ಭಾಗಕ್ಕೆ ನೀರನ್ನು ತಾಗಿಸಲೇಬಾರದು. ಟ್ಯಾಂಕು ಕೂರುವ ಜಾಗದಲ್ಲಿರುವ ಲೋಹದ ಬಿಂದುಗಳ ಮೇಲೆ ಸೋರಿದ ದ್ರವ ಅಂಟಿ ವಿದ್ಯುತ್ತಿನ ಹರಿವಿಗೆ ಅಡ್ಡಿಯಾಗುವುದುಂಟು. ಅದನ್ನು ಹತ್ತಿ ಸುತ್ತಿದ ಕಡ್ಡಿಯಿಂದ, ಬೇಕಾದರೆ ಶುದ್ಧ ಆಲ್ಕೊಹಾಲನ್ನು ತುಸುವೇ ಸೋಕಿಸಿ, ಒರೆಸಿದರೆ ಸಾಕು. ಕೆಲವು ಸಾಧನಗಳಲ್ಲಿ ಸೆಲ್ಲನ್ನು ಹೊರತೆಗೆಯಬಹುದು. 18650 ಎಂಬ ಹೆಸರಿನ ಸೆಲ್ಲು, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ್ದು, ಹೆಚ್ಚು ಬಳಕೆಯಲ್ಲಿದೆ. ಅದರ ಹೊರಪೊರೆ ಹರಿದಿದ್ದರೆ ಬಳಸಕೂಡದು. ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಕಾಸುಗಳೊಂದಿಗೆ ಇಟ್ಟುಕೊಳ್ಳಲೂ ಕೂಡದು, ಏಕೆಂದರೆ ಲೋಹ ತಾಗಿ ಅದರ ಎರಡು ಧ್ರುವಗಳು ಕೂಡಿದುವೆಂದರೆ ಬೆಂಕಿ ಹೊತ್ತುವುದಕ್ಕೆ ಹೆಚ್ಚು ಹೊತ್ತು ಹಿಡಿಯದು. ಹಾಸಿಗೆಯ ಮೇಲಿಟ್ಟು ಚಾರ್ಜ್ ಹಚ್ಚಿ ನಿದ್ರೆಹೋಗುವ ಪರಿಪಾಠವನ್ನೂ ಬಿಡತಕ್ಕದ್ದು. ಮುದಿಯಾದ ಬ್ಯಾಟರಿಯನ್ನು ಮನೆಯ ಕಸದಲ್ಲಿ ಹಾಕಿದರೆ, ಕಸದ ಲಾರಿಯಲ್ಲಿ ಜಜ್ಜಿಹೋಗಿ ಅಲ್ಲಿಯೇ ಉರಿದು ಪೌರಕಾರ್ಮಿಕರಿಗೆ ಅಪಾಯ ತರುತ್ತದೆ. ಬ್ರಿಟನ್ನಿನಲ್ಲಿ ವೇಪ್ ಮಾರುವ ಅಂಗಡಿಯವರೇ ಹಳೆಯದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದುದರಿಂದ ಅಲ್ಲಿಗೆ ಒಪ್ಪಿಸುವುದೇ ಸರಿ.

ರಜೆಯಲ್ಲಿ ಊರಿಗೆ ಹೊರಡುವ ಕನ್ನಡಿಗರಿಗೆ ಒಂದು ಮಾತು. 2019ರ ಅಧಿನಿಯಮವು ಭಾರತದೊಳಕ್ಕೆ ಇ-ಸಿಗರೇಟಿನ ಆಮದನ್ನೂ ನಿಷೇಧಿಸಿದೆ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಆದಕಾರಣ ಹೊರಡುವ ಮುನ್ನಾದಿನ ಟ್ಯಾಂಕನ್ನು ಬರಿದುಮಾಡಿ, ತೊಳೆದು ಒಣಗಿಸಿ, ಬ್ಯಾಟರಿಯಲ್ಲಿ ಅರ್ಧದಷ್ಟು ಚಾರ್ಜ್ ಉಳಿಸಿ, ಸಾಧನವನ್ನು ಅಲ್ಲಿಯ ಮನೆಯ ಕಪಾಟಿನಲ್ಲಿಯೇ ಬೀಗ ಹಾಕಿಟ್ಟು ಬರಬೇಕು. ಸಿಗರೇಟಿನ ಬಯಕೆ ಮರುಕಳಿಸೀತೆಂಬ ಅಂಜಿಕೆ ಇದ್ದವರು, ಪ್ರಯಾಣಕ್ಕೆ ಕೆಲವು ವಾರ ಮೊದಲೇ ವೈದ್ಯರನ್ನು ಕಂಡು ನಿಕೋಟಿನ್ ಗಮ್ಮಿನ ಬಳಕೆಯ ವಿಚಾರ ಕೇಳಿ ತಿಳಿಯುವುದು ಯುಕ್ತ.