ಸ್ತನದ ಏಡಿಗಂತಿಯೂ ರೋಗಿಯ ವಯಸ್ಸೂ

ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಾಗಲಿ ದೇವನಹಳ್ಳಿಯ ತೋಟದ ಮನೆಯಲ್ಲಾಗಲಿ, ಸ್ತ್ರೀಯೊಬ್ಬಳ ಸ್ತನದಲ್ಲಿ ಗಂಟು ಕಂಡಾಗ ಎರಡು ಮಾತುಗಳು ನಮ್ಮ ಕಿವಿಗೆ ಬೀಳುವುವು. ಆಕೆ 30 ರವಳಾದರೆ, “ಈ ವಯಸ್ಸಿಗೆ ಅದೆಲ್ಲಿ ಬಂದೀತು?”, 70 ರವಳಾದರೆ, “ಈ ವಯಸ್ಸಿನಲ್ಲಿ ಶಸ್ತ್ರವೇಕೆ?” ಎರಡೂ ತಪ್ಪಾದ ಮಾತುಗಳು.

ಎಳೆಯ ಶರೀರವು ಶಸ್ತ್ರಚಿಕಿತ್ಸೆಯನ್ನು ಸುಲಭವಾಗಿ ತಾಳಿಕೊಳ್ಳುವುದು ದಿಟ. ಆದರೆ ಆಮೇಲೆ ಬಹುಕಾಲ ಬದುಕುವುದು ಬೇರೆಯ ಮಾತು. 35 ತುಂಬದವರಲ್ಲಿ ಗಂಟು ಅನೇಕವೇಳೆ ಉಗ್ರಸ್ವಭಾವದ್ದಾಗಿರುತ್ತದೆ. ಮರುಕಳಿಸುವ ಭಯವೂ ಹೆಚ್ಚು. ವೃದ್ಧೆಯರಲ್ಲಾದರೋ ಅದು ಸಾಮಾನ್ಯವಾಗಿ ಹಾರ್ಮೋನುಗಳ ಆಸರೆಯಿಂದ ಮೆಲ್ಲನೆ ಬೆಳೆಯುವಂಥದು. ಟಮಾಕ್ಸಿಫೆನ್ ಮೊದಲಾದ ಗುಳಿಗೆಗಳಿಗೆ ಬಗ್ಗುವಂಥದು. ಹಾಗಿದ್ದೂ ಅವರಲ್ಲಿ ಕೆಲವರು ಬೇಗನೆ ತೀರಿಕೊಳ್ಳುವುದಕ್ಕೆ ಹೃದ್ರೋಗಾದಿಗಳಷ್ಟೇ ಅಲ್ಲ, ಮುದುಕಿಯೆಂದು ಕೊಟ್ಟ ಅರೆಚಿಕಿತ್ಸೆಯೂ ಕಾರಣ.

ಆಯುಸ್ಸನ್ನು ಹೆಚ್ಚಾಗಿ ನಿರ್ಣಯಿಸುವುದು ಗಂಟಿನ ಗಾತ್ರ, ಅದರ ಜಾತಿ, ಮತ್ತು ಕಂಕುಳಿನ ಗ್ರಂಥಿಗಳಿಗೆ ಅದು ಹಬ್ಬಿದೆಯೇ ಎಂಬುದು. ಶಸ್ತ್ರವೂ ಹಿಂದಿನಷ್ಟು ಘೋರವಲ್ಲ. 1894 ರಲ್ಲಿ ಅಮೆರಿಕದ ಹಾಲ್‌ಸ್ಟೆಡ್ ವಿವರಿಸಿದ ವಿಧಾನದಲ್ಲಿ ಎದೆಯ ಮಾಂಸಖಂಡವನ್ನೂ ಕೊಯ್ದು ತೆಗೆಯುತ್ತಿದ್ದರು. ಸಣ್ಣ ಗಂಟಾದರೆ ಅದನ್ನಷ್ಟೇ ತೆಗೆದು ಕಿರಣಚಿಕಿತ್ಸೆ ಕೊಟ್ಟರೂ ಆಯುಸ್ಸು ಕುಂದದೆಂದು 1985 ರಲ್ಲಿ ಫಿಷರ್ ಮೊದಲಾದವರು ತೋರಿಸಿದರು.

1973 ರಿಂದ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ, ಹೊಸಕೋಟೆಯಿಂದ ಬಹುದೂರವೇನಲ್ಲ. ಅಲ್ಲಿನ ನಮ್ಮ ಸೋದರತ್ತೆಯವರು ವೈದ್ಯರ ಬಳಿಗೆ ಹೊರಡಲು ಒಂದೂವರೆ ವರ್ಷ ಹಿಡಿಯಿತು. ಸೆರಗಿನ ಮರೆಯಲ್ಲಿ ಗಂಟನ್ನಿಟ್ಟುಕೊಂಡು, ಮೊಮ್ಮಗಳ ಮದುವೆ ಮುಗಿಯಲೆಂದು ಕಾದರು. ಆಗ ಅವರಿಗೆ 68. ವೈದ್ಯರು ಮೊದಲು ಮುಟ್ಟಿ ನೋಡಿದ್ದು ಕಂಕುಳನ್ನು. ವಯಸ್ಸನ್ನು ಆಮೇಲೆ ಕೇಳಿದರು.