ಪಂಚ್ ಮಾರ್ಕ್ ಹಾಕಿ ಬಿಚ್ಚುವವರು

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಕಾರ್ಖಾನೆಗಳ ಲೇತ್ ಸದ್ದು ರಸ್ತೆಗೂ ಕೇಳಿಸುತ್ತದೆ. ಆಫೀಸು ರೂಮಿನ ಮೂಲೆಯಲ್ಲಿ, ಯುಪಿಎಸ್ ಪಕ್ಕ ಕೂತ ಸರ್ವರ್ ಮಾತ್ರ ಕೆಡುವವರೆಗೆ ಯಾರಿಗೂ ನೆನಪಾಗುವುದಿಲ್ಲ. ಟ್ಯಾಲಿ ಲೆಕ್ಕ, ಗಿರಾಕಿಗಳ ಡ್ರಾಯಿಂಗು, ಬಿಲ್ಲು ಎಲ್ಲ ಇರುವುದು ಅದರೊಳಗೇ. ಹಿಂದೆ ಒಂದೊಂದಕ್ಕೆ ಒಂದೊಂದು ಕಂಪ್ಯೂಟರ್ ಬೇಕಿತ್ತು. ಈಗ ಒಂದೇ ಡಬ್ಬದಲ್ಲಿ ಮೂರೋ ನಾಲ್ಕೋ ವರ್ಚುವಲ್ ಮೆಷಿನ್: ಟ್ಯಾಲಿಗೆ ಒಂದು ವಿಂಡೋಸ್, ಫೈಲುಗಳಿಗೆ ಒಂದು ಲಿನಕ್ಸ್, ಜೊತೆಗೆ ಒಂದು ಮುದಿ ವಿಂಡೋಸ್ ಎಕ್ಸ್‌ಪಿ. ಹಳೇ ಸಿಎನ್‌ಸಿ ಮೆಷಿನ್ನಿಗೆ ಪ್ರೋಗ್ರಾಂ ಕಳಿಸುವ ಸಾಫ್ಟ್‌ವೇರ್ ಬೇರೆಲ್ಲೂ ಓಡುವುದಿಲ್ಲವಲ್ಲ, ಅದಕ್ಕೇ ಅದನ್ನು ಸಾಕಿಕೊಂಡಿರುವುದು.

ಒಂದು ಯಂತ್ರದೊಳಗೆ ಹಲವು ಯಂತ್ರ ಓಡಿಸುವ ವಿದ್ಯೆ ಹಳೆಯದು. ಐಬಿಎಂ ತನ್ನ ದೊಡ್ಡ ಕಂಪ್ಯೂಟರುಗಳಿಗೆ ವಿಎಂ/370 ಎಂಬ ವ್ಯವಸ್ಥೆಯನ್ನು ಕೊಟ್ಟದ್ದು 1972ರಲ್ಲಿ. 2007ರಲ್ಲಿ ಕೆವಿಎಂ ಎಂಬ ಇಂಥದೇ ವ್ಯವಸ್ಥೆ ಲಿನಕ್ಸ್‌ನ ಭಾಗವಾದ ಮೇಲೆ ಆ ವಿದ್ಯೆ ಸಣ್ಣ ಶೆಡ್ಡುಗಳಿಗೂ ಎಟುಕಿತು. ಕೆವಿಎಂ ಮೇಲೆ ಕಟ್ಟಿದ, ಆಸ್ಟ್ರಿಯಾದ ವಿಯೆನ್ನಾದಿಂದ ಬರುವ ಪ್ರಾಕ್ಸ್‌ಮಾಕ್ಸ್ ಈಗ ಸಣ್ಣ ಆಫೀಸುಗಳ ಮೆಚ್ಚಿನದು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ಇದೇ ಕೆಲಸದ ಸಾಫ್ಟ್‌ವೇರ್ ಮಾರುವ ವಿಎಂವೇರನ್ನು ಕೊಂಡು, ಒಮ್ಮೆ ಕೊಂಡರೆ ಸಾಕೆನ್ನುವ ಲೈಸೆನ್ಸುಗಳನ್ನು ನಿಲ್ಲಿಸಿದ ಮೇಲಂತೂ ಪ್ರಾಕ್ಸ್‌ಮಾಕ್ಸ್ ಕಡೆ ಬಂದವರು ಹೆಚ್ಚಾದರು. ಪ್ರಾಕ್ಸ್‌ಮಾಕ್ಸ್‌ನ 9ನೇ ಆವೃತ್ತಿ 2025ರ ಆಗಸ್ಟಿನಲ್ಲಿ ಬಂತು. ಹಳೆಯದರ ಮೇಲೇ ಅಪ್‌ಗ್ರೇಡ್ ಮಾಡಬಹುದು. ಆದರೆ ವರ್ಷಗಳ ತೇಪೆ ಹೊತ್ತ ಸರ್ವರನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕುವುದೇ ಮೇಲು ಎನ್ನುವವರಿದ್ದಾರೆ. ನನ್ನ ಮತವೂ ಅವರಿಗೇ.

ಹೊಸದಾಗಿ ಹಾಕುವ ಕೆಲಸ ಹತ್ತು ಹದಿನೈದು ನಿಮಿಷದ್ದು. ಇನ್‌ಸ್ಟಾಲರ್ ತನಗೆ ತೋರಿಸಿದ ಡಿಸ್ಕನ್ನು ಪೂರ್ತಿ ಒರೆಸಿ ಕೂರುತ್ತದೆ. ಅದಕ್ಕೆ ಕೌಶಲ ಬೇಡ. ಕೈಚಳಕವೆಲ್ಲ ಇರುವುದು ಆ ಬಟನ್ ಒತ್ತುವ ಮುಂಚೆ.

ಎಸ್ಟೇಟಿನ ಫಿಟರ್‌ಗಳು ಗೇರ್‌ಬಾಕ್ಸ್ ಬಿಚ್ಚುವ ಮೊದಲು ಕೂಡುವ ಎರಡು ಭಾಗಗಳ ಮೇಲೆ ಪಂಚ್ ಮಾರ್ಕ್ ಹೊಡೆಯುತ್ತಾರೆ, ಮತ್ತೆ ಜೋಡಿಸುವಾಗ ಹಲ್ಲು ತಪ್ಪಬಾರದೆಂದು. ಸರ್ವರ್ ಕೆಲಸ ಬಲ್ಲವರೂ ಮೊದಲು ಮಾಡುವುದು ಅದನ್ನೇ. ಯಾವ ಡಿಸ್ಕಿನ ಸೀರಿಯಲ್ ನಂಬರ್ ಏನು, ಯಾವ ನೆಟ್‌ವರ್ಕ್ ಪೋರ್ಟಿಗೆ ಯಾವ ಕೇಬಲ್, ವರ್ಚುವಲ್ ಸ್ವಿಚ್ಚುಗಳ ಹೆಸರೇನು, ಡಿಸ್ಕುಗಳಿರುವ ಸ್ಟೋರೇಜಿನ ಹೆಸರೇನು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹೌದು, ಪೆನ್ನಿನಲ್ಲೇ. ಆ ಪಟ್ಟಿಯನ್ನು ಅದೇ ಸರ್ವರ್‌ನ ಫೈಲ್ ಮೆಷಿನ್ನಿನಲ್ಲಿಟ್ಟರೆ ಬೇಕಾದಾಗ ತೆರೆಯುವುದು ಹೇಗೆ?

ಆಮೇಲೆ ಬ್ಯಾಕಪ್. ಪ್ರಾಕ್ಸ್‌ಮಾಕ್ಸ್‌ನ ಬ್ಯಾಕಪ್ ಫೈಲಿನೊಳಗೆ ಮೆಷಿನ್ನಿನ ಡಿಸ್ಕೂ ಇರುತ್ತದೆ, ಅದಕ್ಕೆ ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್, ಯಾವ ನೆಟ್‌ವರ್ಕ್ ಎಂಬ ವಿವರವೂ ಇರುತ್ತದೆ. ಮೆಷಿನ್ ಓಡುತ್ತಿರುವಾಗಲೇ ತೆಗೆಯುವ ವಿಧಾನದ ಜಾಣ್ಮೆ ನೋಡಬೇಕು. ಇನ್ನೂ ನಕಲಾಗದ ಜಾಗದ ಮೇಲೆ ಟ್ಯಾಲಿ ಏನಾದರೂ ಬರೆಯಲು ಹೊರಟರೆ, ಅಲ್ಲಿದ್ದ ಹಳೆಯದನ್ನು ಮೊದಲು ಬ್ಯಾಕಪ್ಪಿಗೆ ಕಳಿಸಿ ಆಮೇಲೆ ಬರೆಯಲು ಬಿಡುತ್ತದೆ. ಹೀಗಾಗಿ ನಕಲು ಒಂದು ಗಂಟೆ ಹಿಡಿದರೂ ಸಿಗುವ ಚಿತ್ರ ಶುರುವಾದ ಗಳಿಗೆಯದೇ. ಇಷ್ಟಿದ್ದೂ, ಅಳಿಸುವ ಮುನ್ನಿನ ಕೊನೆಯ ಬ್ಯಾಕಪ್ಪನ್ನು ಅನುಭವಿಗಳು ಹೀಗೆ ತೆಗೆಯುವುದಿಲ್ಲ. ಶನಿವಾರ ಸಂಜೆ ಅಕೌಂಟ್ಸಿನವರು ಮನೆಗೆ ಹೋದ ಮೇಲೆ ಮೆಷಿನ್ನುಗಳನ್ನು ಒಂದೊಂದಾಗಿ ಶಟ್‌ಡೌನ್ ಮಾಡಿ ತೆಗೆಯುತ್ತಾರೆ. ಗಿಗಾಬಿಟ್ ನೆಟ್‌ವರ್ಕಿನಲ್ಲಿ 500 ಜಿಬಿ ಸಾಗಲು ಗಂಟೆಗಿಂತ ಹೆಚ್ಚೇ ಬೇಕು, ಅದಕ್ಕೇ ಶನಿವಾರ.

ಬ್ಯಾಕಪ್ಪಿಗೆ ಸೇರದ ವಸ್ತುಗಳೂ ಇವೆ; ಹೊಸಬರು ಎಡವುವುದು ಅಲ್ಲೇ. ಬ್ಯಾಕಪ್ ಬೇಡವೆಂದು ಯಾವಾಗಲೋ ಟಿಕ್ ತೆಗೆದಿಟ್ಟ ಡಿಸ್ಕ್ ಸೇರುವುದಿಲ್ಲ. ಹಳೆಯ ಸ್ನ್ಯಾಪ್‌ಶಾಟುಗಳೂ ಸೇರುವುದಿಲ್ಲ. ಸಿಗುವುದು ಇಂದಿನ ಸ್ಥಿತಿ ಮಾತ್ರ. ಮೂಲ ಸಿಸ್ಟಂನ ಸ್ವಂತ ಸೆಟ್ಟಿಂಗುಗಳನ್ನು, ಅಂದರೆ ನೆಟ್‌ವರ್ಕ್, ಸ್ಟೋರೇಜ್, ಬಳಕೆದಾರರು, ರಾತ್ರಿ ಬ್ಯಾಕಪ್ಪಿನ ವೇಳಾಪಟ್ಟಿ ಇವನ್ನು, ಬೇರೆಯಾಗಿ ನಕಲು ಮಾಡಿಕೊಳ್ಳಬೇಕು. ಇದರಲ್ಲೊಂದು ವಿಚಿತ್ರವಿದೆ: ಸೆಟ್ಟಿಂಗುಗಳಲ್ಲಿ ಬಹುಪಾಲು ಇರುವ ಪಿವಿಇ ಎಂಬ ಫೋಲ್ಡರ್ ನಿಜವಾದ ಫೋಲ್ಡರೇ ಅಲ್ಲ. ಒಂದು ಪುಟ್ಟ ಡೇಟಾಬೇಸ್ ಫೈಲು ಸಿಸ್ಟಂ ಓಡುತ್ತಿರುವಾಗ ಹಾಗೆ ತೋರುತ್ತದೆ. ಸರ್ವರ್ ಸತ್ತ ಮೇಲೆ ಅದರ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದವರಿಗೆ ಆ ಫೋಲ್ಡರ್ ಖಾಲಿ ಕಂಡು ಎದೆ ಧಸಕ್ಕೆನ್ನುತ್ತದೆ. ಜೀವವಿರುವಾಗಲೇ ತೆಗೆದಿಟ್ಟುಕೊಂಡರೆ ಆ ಪಾಡಿಲ್ಲ.

ಬ್ಯಾಕಪ್ ಇಡುವ ಯುಎಸ್‌ಬಿ ಡಿಸ್ಕ್ ಎಫ್‌ಎಟಿ32 ಆಗಿದ್ದರೆ ಕೆಲಸ ಕೆಟ್ಟಿತು. 4 ಜಿಬಿ ದಾಟಿದ ಫೈಲು ಅದರಲ್ಲಿ ನಿಲ್ಲುವುದಿಲ್ಲ.

ನಾನು ತುಂಬ ಮೆಚ್ಚುವುದು ಇದರ ಮುಂದಿನ ಹೆಜ್ಜೆಯನ್ನು. ಅಳಿಸುವ ಮೊದಲೇ ವಾಪಸ್ ತಂದು ನೋಡುವುದು. ಅದೇ ಬ್ಯಾಕಪ್ಪನ್ನು ಬೇರೆ ಮೆಷಿನ್ ನಂಬರಿನಲ್ಲಿ, ಸಾಧ್ಯವಾದರೆ ಬೇರೆ ಕಂಪ್ಯೂಟರಿನಲ್ಲೇ, ರಿಸ್ಟೋರ್ ಮಾಡುತ್ತಾರೆ. ಆನ್ ಮಾಡುವ ಮುಂಚೆ ಅದರ ನೆಟ್‌ವರ್ಕ್ ಕೊಂಡಿ ಕಳಚುತ್ತಾರೆ. ಇಲ್ಲದಿದ್ದರೆ ಒಂದೇ ಐಪಿ ವಿಳಾಸಕ್ಕೆ ಅಸಲೂ ನಕಲೂ ಜಗಳಕ್ಕೆ ನಿಂತು, ಯಾರೋ ಬರೆದ ಬಿಲ್ಲು ನಕಲಿನೊಳಗೆ ಸೇರಿಹೋಗಬಹುದು. ಲಾಗಿನ್ ಪರದೆ ಬಂದ ಮಾತ್ರಕ್ಕೆ ಅವರಿಗೆ ಸಮಾಧಾನವಿಲ್ಲ. ಟ್ಯಾಲಿಯಲ್ಲಿ ಕಂಪನಿ ತೆರೆದಾಗ ಅಂದಿನ ಕೊನೆಯ ವೋಚರ್ ಕಾಣಿಸಬೇಕು.

ಇಷ್ಟಾದ ಮೇಲೆ ಭಾನುವಾರದ ಕೆಲಸ ಶಾಂತವಾಗಿ ನಡೆಯುತ್ತದೆ. ಉಳಿಯಬೇಕಾದ ಡಿಸ್ಕುಗಳ ಕೇಬಲ್ಲನ್ನೇ ಕಿತ್ತಿಟ್ಟು ಇನ್‌ಸ್ಟಾಲ್ ಮಾಡುತ್ತಾರೆ. ಪುಸ್ತಕ ನೋಡಿ ಸ್ವಿಚ್ಚಿಗೂ ಸ್ಟೋರೇಜಿಗೂ ಹಳೆಯ ಹೆಸರನ್ನೇ ಇಡುತ್ತಾರೆ. ಬ್ಯಾಕಪ್ಪಿನೊಳಗಿನ ವಿವರ ಅದೇ ಹೆಸರುಗಳನ್ನು ಹುಡುಕಿಕೊಂಡು ಬರುತ್ತದೆ. ‘ಯೂನಿಕ್’ ಎಂಬ ಟಿಕ್ಕನ್ನು ರಿಸ್ಟೋರ್ ಮಾಡುವಾಗ ಮುಟ್ಟುವುದಿಲ್ಲ. ಮುಟ್ಟಿದರೆ ಮೆಷಿನ್ನಿಗೆ ಹೊಸ ಮ್ಯಾಕ್ ವಿಳಾಸ ಬಂದು, ಹಳೆಯದಕ್ಕೆ ಕಾದಿಟ್ಟ ಐಪಿಯನ್ನು ರೌಟರ್ ಕೊಡುವುದಿಲ್ಲ. ಹಳೇ ಸಾಫ್ಟ್‌ವೇರಿನ ಡಾಂಗಲ್ ಯಾವ ಯುಎಸ್‌ಬಿ ಕಿಂಡಿಯಲ್ಲಿತ್ತೋ ಅದಕ್ಕೇ ಹೋಗುತ್ತದೆ, ಏಕೆಂದರೆ ಕೆಲವರು ಅದನ್ನು ಕಿಂಡಿಯ ಲೆಕ್ಕದಲ್ಲೇ ಮೆಷಿನ್ನಿಗೆ ಕೊಟ್ಟಿರುತ್ತಾರೆ.

ದುಡ್ಡು ಬಿಚ್ಚುವ ಮಾಲೀಕರಿದ್ದರೆ ಇನ್ನೂ ಸುಲಭ. ಎಸ್‌.ಪಿ. ರೋಡಿನಿಂದ ಹೊಸ ಎಸ್‌ಎಸ್‌ಡಿ ತಂದು ಅದಕ್ಕೆ ಇನ್‌ಸ್ಟಾಲ್ ಮಾಡಿ, ಹಳೆಯದನ್ನು ಇದ್ದಂತೆಯೇ ಕಳಚಿ, ತಾರೀಖು ಬರೆದ ಚೀಟಿ ಅಂಟಿಸಿ ಬೀರುವಿನಲ್ಲಿಡುತ್ತಾರೆ. ಮುಂದಿನ 20ರ ಜಿಎಸ್‌ಟಿ ರಿಟರ್ನ್ ಹೊಸ ಸರ್ವರ್‌ನಿಂದ ಸಲ್ಲಿಕೆಯಾಗುವವರೆಗೆ ಆ ಡಿಸ್ಕನ್ನು ಬೇರೆ ಕೆಲಸಕ್ಕೆ ಕೇಳಿದರೂ ಕೊಡುವುದಿಲ್ಲ.